ಚಕ್ಕಿಗೆ ಕಟ್ಟಿದ ಜಾಬು

ಯಾರಾದರೂ ಕೇಳಿದರೆ ಸಾಕು, ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಅಪ್ಪ ಹೇಳಿಬಿಡುತ್ತಿದ್ದರು: "ಇವನಿಗೆ ಇನ್ನೂ ಜಾಬ್ ಆಗಿಲ್ಲ."

ನಾನಾಗ ಲೇತ್ ವರ್ಕ್‌ಶಾಪಿನಿಂದ ಆಗಷ್ಟೇ ಬಂದಿರುತ್ತಿದ್ದೆ. ಉಗುರಿನ ಸಂದಿಯಲ್ಲಿ ಗ್ರೀಸು, ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡ ಕಬ್ಬಿಣದ ಸುರುಳಿ. ಬೆಳಗಿನಿಂದ ಸಂಜೆಯವರೆಗೆ ನನ್ನ ಕೈ ಮುಟ್ಟುವುದೇ ಜಾಬನ್ನು. ಚಕ್ಕಿಗೆ, ಅಂದರೆ ಲೇತಿನ ತಿರುಗುವ ದವಡೆಗೆ, ಕಚ್ಚಿಸಿದ ಲೋಹದ ತುಂಡಿಗೆ ನಮ್ಮಲ್ಲಿ ಬೇರೆ ಹೆಸರೇ ಇಲ್ಲ. ಜಾಬು ಕಟ್ಟು, ಜಾಬು ಬಿಚ್ಚು, ಜಾಬು ಕಾಯ್ತಿದೆ ನೀರು ಬಿಡೋ. ಇಂಥವನಿಗೆ ಜಾಬ್ ಇಲ್ಲವಂತೆ! ಸಿಟ್ಟನ್ನು ಕೈಯ ಗ್ರೀಸಿನ ಜೊತೆ ಉಜ್ಜಿ ತೊಳೆದುಕೊಳ್ಳುತ್ತಿದ್ದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೋಪಕ್ಕೆ ಮನೆಯಲ್ಲಿ ಅಷ್ಟೊಂದು ಬೆಲೆಯಿಲ್ಲ.

ಅಪ್ಪ ದೊಡ್ಡ ಕಚೇರಿಯೊಂದರ ಬಾಗಿಲು ಕಾಯುವವರು. ಇಡೀ ದಿನ ನಿಂತೇ ಇರಬೇಕು. ರಾತ್ರಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಅವರ ಪಾದಗಳು ಬೇರೆ ಯಾರದೋ ಎಂಬಂತೆ ಊದಿರುತ್ತಿದ್ದವು. ಅವರ ಪಾಲಿಗೆ ಜಾಬ್ ಅಂದರೆ ಕುರ್ಚಿ. ಅದು ನನಗೆ ಅರ್ಥವಾಗುತ್ತಿತ್ತು. ಅರ್ಥವಾಗುತ್ತಿತ್ತು ಎಂಬುದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಅಂಥದೊಂದು ಸಂಜೆ ಅವರು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಸುದ್ದಿ ಹೇಳಿದರು. ತಮ್ಮ ಕಚೇರಿಯ ಸಾಹೇಬರ ಮನೆಗೆ ಹೋಗಿ ನನಗಾಗಿ ಕೇಳಿಕೊಂಡು ಬಂದಿದ್ದರು. ಕಚೇರಿಯ ಕೆಳಮಹಡಿಯಲ್ಲಿ ಕೂತು, ಬಂದವರಿಗೆ ಪಾಸ್ ಬರೆದುಕೊಡುವ ಕೆಲಸ. ಗುರುವಾರ ಮಧ್ಯಾಹ್ನ ಸಾಹೇಬರು ನನ್ನನ್ನು ನೋಡುತ್ತಾರೆ.

"ಫ್ಯಾನ್ ಕೆಳಗೆ ಕುರ್ಚಿ ಕಣೋ. ಅದು ಜಾಬ್ ಅಂದ್ರೆ."

"ನಮ್ಮ ಗಿರಣೀಲಿ ಜಾಬರ್ ಅಂತ ಒಬ್ಬ ಇದ್ದ," ಮೂಲೆಯಿಂದ ತಾತ ಬಾಯಿ ಹಾಕಿದರು. "ಅವನು ಬೆರಳು ತೋರಿಸಿದೋನಿಗೆ ಆವತ್ತು ಕೆಲಸ. ಅದಕ್ಕೋಸ್ಕರ ನಾನು ಅವನ ಮನೆ ಸೌದೆ ಸೀಳಿಕೊಟ್ಟಿದೀನಿ. ಜಾಬ್ ಅಂದ್ರೆ ನನಗೆ ಇವತ್ತಿಗೂ ಆ ಬೆರಳೇ ಕಾಣೋದು."

ಅಕ್ಕ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಾಳೆ. ಪದ ಅಂದರೆ ಅವಳಿಗೆ ಪ್ರಾಣ. "ನಮ್ಮಲ್ಲಿ ಪುಸ್ತಕ ಬಿಟ್ಟು ಮಿಕ್ಕಿದ್ದೆಲ್ಲ ಜಾಬೇ ತಾತ. ಬಿಲ್ಲು, ಕಾರ್ಡು, ಔಷಧಿ ಚೀಟಿ. ಬಿಡಿಬಿಡಿ ಕೆಲಸ. ನಾನು ದೊಡ್ಡ ಡಿಕ್ಷನರಿ ನೋಡಿದೀನಿ. ಇದು ಎಲ್ಲಿಂದ ಬಂತು ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ವಂತೆ. ಗಟ್ಟಿ, ಉಂಡೆ, ತುಂಡು ಅನ್ನೋ ಅರ್ಥದ ಹಳೇ ಪದದಿಂದ ಬಂದಿರಬಹುದಂತೆ. ಮೊದಮೊದಲು ಒಂದು ತುಂಡು ಕೆಲಸಕ್ಕೆ ಹಾಗಂತಿದ್ರು, ಇವತ್ತು ಇದೆ ನಾಳೆ ಇಲ್ಲ ಅನ್ನೋ ಥರದ್ದು. ಕುರ್ಚಿ, ಸಂಬಳ ಎಲ್ಲ ಆಮೇಲೆ ಬಂದು ಸೇರ್ಕೊಂಡಿದ್ದು. ಕಳ್ಳರೂ ತಮ್ಮ ಕಳ್ಳತನಕ್ಕೆ ಜಾಬ್ ಅಂತಾರೆ."

"ಇನ್ನೇನೇನಿದೆ?" ನನಗೆ ಖುಷಿಯಾಗಿತ್ತು.

"ಅಧಿಕಾರದಲ್ಲಿರೋರು ತಮಗೆ ಬೇಕಾದೋರನ್ನ ಹಿಂಬಾಗಿಲಿಂದ ಸೇರಿಸ್ಕೊಳ್ಳೋದಕ್ಕೂ ಒಂದು ಕಾಲದಲ್ಲಿ…" ಎಂದವಳು ಅಪ್ಪನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಅಪ್ಪ ಬಕೆಟ್ಟಿನಿಂದ ಕಾಲು ತೆಗೆದರು. "ಪುಸ್ತಕದಲ್ಲಿ ಏನಾದ್ರೂ ಇರಲಿ ಕಣಮ್ಮ. ಬಾಗಿಲಲ್ಲಿ ನಿಂತೋನಿಗೆ ಗೊತ್ತು ಒಳಗೆ ಕೂತೋನ ಬೆಲೆ. ಗುರುವಾರ ಇವನು ಬರ್ತಾನೆ, ಅಷ್ಟೇ."

ನಾನು ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ ಬಂದೆ.

ಗುರುವಾರ ಬೆಳಗ್ಗೆ ವರ್ಕ್‌ಶಾಪಿನ ಬಾಗಿಲು ತೆರೆಯುವ ಮುಂಚೆಯೇ ಬೇಕರಿಯವರು ಬಂದು ನಿಂತಿದ್ದರು. ಹಿಟ್ಟು ನಾದುವ ಯಂತ್ರದ ಶಾಫ್ಟು ಮುರಿದಿತ್ತು. ಸಂಜೆಯೊಳಗೆ ಹೊಸದು ಕೂರದಿದ್ದರೆ ಮರುದಿನ ಇಡೀ ಬೀದಿಗೆ ಬ್ರೆಡ್ ಇಲ್ಲ. ಮೇಸ್ತ್ರಿ ಮುರಿದ ತುಂಡನ್ನು ತಿರುಗಿಸಿ ನೋಡಿ ನನ್ನ ಕಡೆಗೆ ಚಾಚಿದರು. "ನೀನು ಕಟ್ಟು."

ಅಂಥ ಶಾಫ್ಟನ್ನು ಅಲ್ಲಿಯವರೆಗೆ ಮೇಸ್ತ್ರಿ ಬಿಟ್ಟು ಯಾರೂ ಕಟ್ಟಿರಲಿಲ್ಲ. ಬೇರಿಂಗ್ ಕೂರುವ ಜಾಗ ಕೂದಲೆಳೆಯಷ್ಟು ವಾರೆಯಾದರೂ ಯಂತ್ರ ತಾನೇ ತನ್ನನ್ನು ತಿಂದುಕೊಳ್ಳುತ್ತದೆ. ನಾಲ್ಕು ದವಡೆಗಳನ್ನು ಒಂದೊಂದಾಗಿ ಬಿಗಿ ಮಾಡಿ, ಸಡಿಲ ಮಾಡಿ, ಅಳತೆಯ ಡಯಲ್ಲಿನ ಮುಳ್ಳು ಅಲುಗದೆ ನಿಲ್ಲುವವರೆಗೆ ಉಸಿರು ಬಿಗಿ ಹಿಡಿದು ಹೊಸ ಕಬ್ಬಿಣದ ಸರಳನ್ನು ಕೂರಿಸಿದೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆ ಇದೆ. ಜಾಬು ಕಟ್ಟಿದವನೇ ಅದನ್ನು ಮುಗಿಸಿ ಬಿಚ್ಚಬೇಕು. ಯಾವ ದವಡೆ ಎಷ್ಟು ಬಿಗಿಯಿದೆ, ಕಬ್ಬಿಣ ಹೆರೆಯುವ ಟೂಲು ಎಲ್ಲಿ ನಡುಗುತ್ತದೆ ಎಂಬುದು ಕಟ್ಟಿದವನ ಕೈಗೆ ಮಾತ್ರ ಗೊತ್ತಿರುತ್ತದೆ. ಪಕ್ಕದ ಲೇತಿನವನು ಹಿಂದೆಂದೋ ಮ್ಯಾಚ್ ನೋಡುವುದಕ್ಕೆಂದು ಜಾಬನ್ನು ಅರ್ಧಕ್ಕೇ ಇನ್ನೊಬ್ಬನಿಗೆ ವಹಿಸಿ ಹೋಗಿದ್ದ. ಅವತ್ತಿನಿಂದ ಅವನು ಅರ್ಧಣ್ಣ. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಒರಟು ಕೆಲಸ ಮುಗಿದು ತೆಳ್ಳಗೆ ಹೆರೆದು ನಯ ಮಾಡುವ ಕೊನೆಯ ಕಟ್ ಮಾತ್ರ ಉಳಿದಿತ್ತು. ಆಗ ಅಪ್ಪ ಬಂದರು. ಮೈಮೇಲೆ ಡ್ಯೂಟಿಯ ಸಮವಸ್ತ್ರ, ಕೈಯಲ್ಲಿ ನನ್ನ ಇಸ್ತ್ರಿ ಮಾಡಿದ ಅಂಗಿ.

"ಸಾಹೇಬ್ರು ಮಧ್ಯಾಹ್ನ ಇರಲ್ವಂತೆ. ಈಗಲೇ ಕಳಿಸು ಅಂದಿದಾರೆ. ಕೈ ತೊಳ್ಕೊಂಡು ಬಾ."

"ಜಾಬು ಚಕ್ಕಲ್ಲಿದೆ ಅಪ್ಪ."

"ಬೇರೆ ಯಾರಾದ್ರೂ ನೋಡ್ಕೋತಾರೆ, ಬಾರೋ."

ಮೇಸ್ತ್ರಿ ಕನ್ನಡಕ ಹಣೆಗೇರಿಸಿದರು. "ಹೋಗೋದಾದ್ರೆ ಹೋಗಯ್ಯ. ನಾನು ಮುಗಿಸ್ತೀನಿ, ಬೈಯಲ್ಲ."

"ಹೋಗು ಹೋಗು," ಅರ್ಧಣ್ಣ ನಕ್ಕ. "ನನಗೂ ಒಬ್ಬ ಜೊತೆಗಾರ ಆಗ್ತಾನೆ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ."

ನನ್ನ ತಲೆ ಧಗ್ಗೆಂದಿತು. ಕೂಗಾಡಬೇಕೆಂದೇ ಅಪ್ಪನ ಕಡೆ ತಿರುಗಿದೆ. ಆದರೆ ಆ ಸಮವಸ್ತ್ರ ಕಣ್ಣಿಗೆ ಬಿದ್ದು ಬಾಯಿಂದ ಬೇರೆಯೇ ಮಾತು ಬಂತು.

"ನೀವು ಇಲ್ಲಿದೀರಲ್ಲ, ಬಾಗಿಲಲ್ಲಿ ಯಾರಿದಾರೆ?"

"ತೋಟದವನನ್ನ ನಿಲ್ಲಿಸಿ ಬಂದೆ."

"ಡ್ಯೂಟೀಲಿರುವಾಗ ಹಿಂದೆ ಯಾವತ್ತಾದ್ರೂ ಹೀಗೆ ಬಿಟ್ಟು ಬಂದಿದ್ರಾ? ಅಮ್ಮನಿಗೆ ಹುಷಾರಿಲ್ಲದಾಗ? ನಾನು ಹುಟ್ಟಿದಾಗ?"

ಅಪ್ಪ ಅಂಗಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಇಲ್ಲ. ಇವತ್ತೇ ಮೊದಲು."

"ಮತ್ತೆ ನನಗೆ ಜಾಬು ಬಿಟ್ಟು ಬಾ ಅಂತೀರಲ್ಲಪ್ಪ!"

ನಾನು ಲೇತ್ ಚಾಲು ಮಾಡಿದೆ. ಕೊನೆಯ ಕಟ್‌ನ ಹೊತ್ತಿಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಟೂಲಿನ ಸದ್ದು ಬದಲಾದರೆ ಕಿವಿಗೇ ಮೊದಲು ತಿಳಿಯಬೇಕು. ಬೇಕರಿಯವರೂ ಕೆಮ್ಮು ತಡೆದುಕೊಂಡರು. ಕಬ್ಬಿಣ ಎಳೆಎಳೆಯಾಗಿ ಬಿಚ್ಚಿಕೊಂಡು ಬಂತು. ಅದರ ಹಿಂದೆಯೇ ಶಾಫ್ಟಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತ ಸಾಗಿತು. ಕಣ್ಣ ಅಂಚಿನಲ್ಲಿ ಅಪ್ಪ ಕಂಡರು. ಬಾಗಿಲಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಿದ್ದರು.

ಯಂತ್ರ ನಿಲ್ಲಿಸಿ, ಅಳತೆ ನೋಡಿ, ಬೇರಿಂಗನ್ನು ತುದಿಗಿಟ್ಟು ಒತ್ತಿದೆ. ಅದು ಹಿಡಿದುಕೊಂಡಿತು. ಮರದ ಸುತ್ತಿಗೆಯಿಂದ ತಟ್ಟಿದೆ. ಒಂದೇ ಸಮನೆ ಸರಿಯುತ್ತ ಹೋಗಿ ಕೊನೆಗೆ ತಲುಪಿತು. ಮೇಸ್ತ್ರಿ ಬೆರಳಿನಿಂದ ಅದನ್ನು ತಿರುಗಿಸಿದರು. ಸದ್ದಿಲ್ಲ. ಆ ಮನುಷ್ಯ ಯಾರನ್ನೂ ಹೊಗಳಿದ್ದನ್ನು ನಾನು ಕಂಡಿಲ್ಲ. ಅವತ್ತೂ ಹೊಗಳಲಿಲ್ಲ. ಅಪ್ಪನ ಕಡೆ ತಿರುಗಿ, "ಇದನ್ನ ನಾನು ಮಾಡಿದ್ರೂ ಹೀಗೇ ಇರ್ತಿತ್ತು," ಎಂದರು.

ಅಷ್ಟರಲ್ಲಿ ಅಪ್ಪನ ಫೋನ್ ರಿಂಗಣಿಸಿತು. ಸಾಹೇಬರದು. ಅವರ ಫೋನ್ ಬಂದರೆ ಅಪ್ಪ ಮನೆಯಲ್ಲಿದ್ದರೂ ಎದ್ದು ನಿಂತು, ಬೆನ್ನು ಬಗ್ಗಿಸಿಕೊಂಡೇ ಮಾತಾಡುವವರು.

"ಸಾರ್… ಇಲ್ಲ ಸಾರ್, ಅವನು ಬರಲ್ಲ." ಪಕ್ಕದ ಲೇತಿನ ಗದ್ದಲಕ್ಕೆ ದನಿ ಎತ್ತರಿಸಬೇಕಾಯಿತು. "ತಪ್ಪು ತಿಳ್ಕೋಬೇಡಿ ಸಾರ್. ಅವನು ಕೆಲಸದಲ್ಲಿದಾನೆ. ಲೇತು ಸಾರ್, ಲೇತು… ಹೌದು. ನನ್ನ ಮಗನೇ."

ಬೆನ್ನು ಬಗ್ಗಿರಲಿಲ್ಲ. ಫೋನ್ ಜೇಬಿಗಿಟ್ಟರು.

"ಸಾಹೇಬ್ರು ಏನಂದ್ರು ಅಪ್ಪ?"

"ಅಂತಾರೆ ಬಿಡು, ಅನ್ನಲಿ." ಅವರು ಆಗಲೇ ಬಾಗಿಲ ಕಡೆ ಹೊರಟಿದ್ದರು. "ನಾನು ಓಡಬೇಕು ಕಣೋ. ಆ ತೋಟದವನು ಪಾಸ್ ಕೇಳದೆ ಊರನ್ನೆಲ್ಲ ಒಳಗೆ ಬಿಟ್ಟಿರ್ತಾನೆ."