ಗುತ್ತೆವ್ವತ್ತೆ ಕಾಲೇಜು ನೋಡಿದ್ದು

ಗುತ್ತೆವ್ವತ್ತೆ ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿ ಸಾರಿನ ಬೋಗುಣಿಯ ಮುಚ್ಚಳ ತೆಗೆದುಬಿಟ್ಟಿದ್ದಳು. ಉಗಿ ಅವಳ ಕನ್ನಡಕಕ್ಕೆ ಅಡರಿತು. ಅಡುಗೆಯವನು ಸೌಟು ಹಿಡಿದುಕೊಂಡೇ ನಿಂತ.

"ಯಾರ್ರಿ ನೀವು?"

"ಹುಡುಗಿ ಕಡೆಯವರು."

ಅವನ ಕೈಯಿಂದ ಸೌಟು ತೆಗೆದುಕೊಂಡು ಅಂಗೈಗೆ ಸಾರು ಸುರಿದುಕೊಂಡಳು. ನೆಕ್ಕಿದಳು. "ಉರಿ ಐತಿ, ಬಣ್ಣ ಇಲ್ಲ. ಗುಂಟೂರ ಮೆಣಸಿನಕಾಯಿ ಇದು. ಇರ್ಲಿ, ಕೈಗುಣ ಚಲೋ ಐತಿ ನಿಂದು."

ನಾನು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದೆ. ಊರು ದಾವಣಗೆರೆ. ಇಸವಿ ತೊಂಬತ್ತೈದು.

ಆ ವರ್ಷ ನನಗೆ ಇಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿತ್ತು. ಬೆಂಗಳೂರಿಗೆ ಹೋಗಿ, ಅಧಿಕಾರಿಗಳ ಎದುರು ನಿಂತು, ಒಂದು ಕಾಲೇಜಿನ ಹೆಸರು ಹೇಳಬೇಕು. ಹಾವೇರಿಯ ನಮ್ಮ ಮನೆಯಲ್ಲಿ ಕಾಲೇಜು ಆರಿಸುವುದು ಯಾರಿಗೂ ಗೊತ್ತಿರಲಿಲ್ಲ. ಸಂಬಂಧ ಆರಿಸುವುದು ಗೊತ್ತಿತ್ತು. ಹಾಗಾಗಿ ಅಪ್ಪ ಬ್ಯಾಡಗಿಯಿಂದ ತನ್ನ ಅಕ್ಕನನ್ನು ಕರೆಸಿದ.

ಗುತ್ತೆವ್ವತ್ತೆ ನೋಡಿ ಒಪ್ಪಿದ ಮನೆಗೆ ಹೋದ ನಮ್ಮ ಕಡೆಯ ಯಾವ ಹುಡುಗಿಯೂ ಅಳುತ್ತಾ ವಾಪಸು ಬಂದಿರಲಿಲ್ಲ. ಅವಳು ಗಂಡಿನ ಮುಖ ನೋಡುತ್ತಿರಲಿಲ್ಲ. ಹಿತ್ತಲು ನೋಡುತ್ತಿದ್ದಳು, ನೀರು ಕುಡಿಯುತ್ತಿದ್ದಳು, ದನಕ್ಕೆ ಹೊಟ್ಟೆ ತುಂಬಿದೆಯೋ ಇಲ್ಲವೋ ನೋಡುತ್ತಿದ್ದಳು.

"ನೋಡು ಮಂಗಳಾ," ಅಂದಿದ್ದ ಅಪ್ಪ. "ಅಕ್ಕ ಹೂಂ ಅಂದ ಕಾಲೇಜಿನ ಹೆಸರು ಹೇಳು. ಆಕಿ ಯಾವುದಕ್ಕೂ ಹೂಂ ಅನ್ನಲಿಲ್ಲಂದ್ರ ಇಲ್ಲೇ ಹಾವೇರ್ಯಾಗ ಬಿ.ಎಸ್ಸಿ. ಮಾಡು."

ನನಗೆ ಬಿ.ಎಸ್ಸಿ. ಬೇಡವಾಗಿತ್ತು. ನನಗೆ ಎಲೆಕ್ಟ್ರಿಕಲ್ ಬೇಕಾಗಿತ್ತು. ಅಪ್ಪನದು ಖಾರ ಕುಟ್ಟುವ ಗಿರಣಿ. ಅದರ ಮೋಟರು ಸುಟ್ಟಾಗಲೆಲ್ಲ ರಾಣೆಬೆನ್ನೂರಿಗೆ, ಶಮಶೇರಸಾಬನ ಅಂಗಡಿಗೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಶಮಶೇರಸಾಬ ಕರಕಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ವಾರ್ನಿಶಿನ ವಾಸನೆ. ಆಮೇಲೆ ಸ್ವಿಚ್ಚು. ಸತ್ತಿದ್ದ ಕಬ್ಬಿಣ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಹಾಗೆ ಯಾಕೆ ಆಗುತ್ತದೆ ಎಂದು ಕೇಳಿದರೆ ಅವನು ನಗುತ್ತಿದ್ದ. "ನನಗ ಸುತ್ತಾಕ ಬರ್ತೈತಿ ಬೇಟಿ, ಹೇಳಾಕ ಬರಂಗಿಲ್ಲ." ಹೇಳಲು ಬರುವವರು ಎಲ್ಲೋ ಇರಬೇಕು ಅಂದುಕೊಂಡಿದ್ದೆ. ಅವರಿರುವ ಕಡೆ ನನಗೆ ಹೋಗಬೇಕಾಗಿತ್ತು.

ದಾವಣಗೆರೆಗಿಂತ ಮೊದಲು ಹುಬ್ಬಳ್ಳಿ ನೋಡಿ ಬಂದಿದ್ದೆವು. ಅಲ್ಲಿಯ ಕಾಲೇಜಿನ ಅಂಗಳದಲ್ಲಿ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತು ಸುತ್ತ ನೋಡಿದಳು. "ಭಾಳ ದೊಡ್ಡ ಮನಿ ಇದು. ಇಂಥಾ ಮನಿಗೆ ಕೊಟ್ಟರ ಹುಡುಗಿ ಮೂಲ್ಯಾಗ ಕುಂತಬಿಡ್ತಾಳ. ಬ್ಯಾಡ." ಅಷ್ಟೇ. ವಾಪಸು ಬರುವಾಗ ಪ್ಯಾಸೆಂಜರ್ ಗಾಡಿ ಸವಣೂರಿನ ಹತ್ತಿರ ಸುಮ್ಮನೆ ನಿಂತುಕೊಂಡಿತು. ಅತ್ತೆ ಸೆರಗಿನ ಗಂಟಿನಿಂದ ಹುರಿದ ಶೇಂಗಾ ಬಿಚ್ಚಿ ಎದುರು ಕೂತವರಿಗೆಲ್ಲ ಹಂಚಿದಳು. "ಕಾಲೇಜ ನೋಡಾಕ ಹೋಗಿದ್ವಿ. ಸರಿ ಬರಲಿಲ್ಲ," ಅಂತ ಎಲ್ಲರಿಗೂ ಹೇಳಿದಳು. ಗಂಡು ನೋಡಿ ಬಂದವರಿಗೆ ಮಾಡುವ ಹಾಗೆ ಅವರೆಲ್ಲ ನನಗೆ ಸಮಾಧಾನ ಮಾಡಿದರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ಆ ಗಾಡಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದಿತ್ತೇ ಅನ್ನಿಸುತ್ತದೆ.

ದಾವಣಗೆರೆ ನನಗೆ ಬೇಕಾಗಿತ್ತು. ಅಲ್ಲಿಯ ಮಷೀನ್ ಲ್ಯಾಬಿನಲ್ಲಿ ಅರ್ಧಕ್ಕೆ ಸೀಳಿದ ಮೋಟರೊಂದು ಮೇಜಿನ ಮೇಲಿತ್ತು, ಒಳಗಿನದೆಲ್ಲ ಕಾಣುತ್ತಿತ್ತು. ಪಕ್ಕದಲ್ಲಿ ನಿಂತ ಮೇಷ್ಟ್ರು ಹುಡುಗರಿಗೆ ಅದು ಯಾಕೆ ತಿರುಗುತ್ತದೆ ಎಂದು ಹೇಳುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ಕೇಳುತ್ತಾ ನಿಂತುಬಿಟ್ಟೆ. ಅತ್ತೆ ನನ್ನ ಪಕ್ಕದಿಂದ ಬಗ್ಗಿ ಒಳಗೆ ನೋಡಿದಳು.

"ಹುಡುಗ್ಯಾರು ಮೂರ ಮಂದಿ ಅದಾರ ಅಷ್ಟ. ಉಳಿದವೆಲ್ಲಾ ಗಂಡಸ ಮಕ್ಕಳು. ಬರೇ ಮೂರ ಮಂದಿ ವಾರಗಿತ್ತ್ಯಾರು ಇರೂ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ತಿ?"

"ನನ್ನ ಸೇರಿ ನಾಕ ಆಗ್ತೀವಿ, ಅತ್ತಿ."

ಅವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. "ರಾಣೆಬೆನ್ನೂರ ಒಂದ ನೋಡಿಬಿಡೂಣು," ಅಂದಳು.

ರಾಣೆಬೆನ್ನೂರಿನ ಕಾಲೇಜು ಮನೆಗೆ ಹತ್ತಿರ. ಆದರೂ ದಿನಾ ಓಡಾಡುವಷ್ಟು ಹತ್ತಿರವಲ್ಲ, ಇರಲು ಒಂದು ಖೋಲಿ ಬೇಕಿತ್ತು. ಶಮಶೇರಸಾಬ ಅಂಗಡಿಯಿಂದಲೇ ಕೈ ತೋರಿಸಿದ. "ಹಿಂದಿನ ಓಣ್ಯಾಗ ದೇವವ್ವ ಅಂತ ಅದಾರ. ಮ್ಯಾಲಿನ ಖೋಲಿ ಕಾಲೇಜ ಹುಡುಗ್ಯಾರಿಗೆ ಕೊಡ್ತಾರಂತ ಕೇಳೇನಿ."

ದೇವವ್ವನ ಅಂಗಳ ಆಗಷ್ಟೇ ಸಾರಿಸಿದ್ದರಿಂದ ಹಸಿಯಾಗಿತ್ತು. ಬಾಗಿಲಿಗೆ ಬಂದವಳಿಗೆ ಅತ್ತೆ ಕೈಮುಗಿದಳು.

"ಮನಿ ನೋಡಾಕ ಬಂದೇವ್ರಿ."

ದೇವವ್ವನ ಮುಖ ಅರಳಿತು. "ಬರ್ರಿ, ಬರ್ರಿ! ನಿಮ್ಮ ದಾರೀನ ಕಾಯಾಕತ್ತಿದ್ವಿ. ಇಕೀನೇನ್ರಿ ಹುಡುಗಿ?"

"ಇಕೀನ್ರಿ. ಮುಂದ ಇಂಜಿನಿಯರಿಂಗ ಓದೂದೈತಿ."

"ಓದ್ಲಿ ಬಿಡ್ರಿ, ನಾವೇನ ಬ್ಯಾಡ ಅನ್ನಂಗಿಲ್ಲ. ನಿಮ್ಮ ಬೆಡಗ ಯಾವುದು?"

ನಮ್ಮಲ್ಲಿ ಒಂದೇ ಬೆಡಗಿನವರು ಬೀಗತನ ಮಾಡುವುದಿಲ್ಲ. ಖೋಲಿ ಕೊಡುವವರಿಗೆ ಅದು ಯಾಕೆ ಬೇಕೆಂದು ಅತ್ತೆಗೆ ಹೊಳೆಯಲಿಲ್ಲ, ಹೇಳಿದಳು. ದೇವವ್ವ ತನ್ನದನ್ನು ಹೇಳಿದಳು. ಬೇರೆ ಬೇರೆ ಬಂತು. ಇಬ್ಬರಿಗೂ ಸಂತೋಷವಾಯಿತು.

ಅತ್ತೆ ಹಿತ್ತಲು ನೋಡಿದಳು, ನೀರು ಕುಡಿದಳು. "ಇಲ್ಲಿ ಮೊದ್ಲ ಯಾರರ ಇದ್ರೇನ್ರಿ?"

"ಯವ್ವಾ, ಎಂಥಾ ಮಾತ ಆಡ್ತೀರಿ! ಇದ ಮೊದಲನೇದ್ರಿ!"

"ಕೊಡೂದು ತಗೊಳ್ಳೂದು ಹ್ಯಾಂಗ?"

"ಏನೂ ಬ್ಯಾಡ್ರಿ. ಹುಡುಗೀನ್ನ ಕೊಟ್ಟರ ಸಾಕು."

ಅತ್ತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. "ಫುಕ್ಕಟ ಅಂತ!"

ಅಷ್ಟರಲ್ಲಿ ದೇವವ್ವ ಒಳಗೆ ಕೂಗಿದಳು. "ಮಲ್ಲೇಶಾ, ಬಾರೋ." ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಹುಡುಗ ಬಂದು, ನಮ್ಮ ಎದುರಿನ ಕುರ್ಚಿಯ ತುದಿಯಲ್ಲಿ ಕೂತು, ಬೆವರು ಒರೆಸಿಕೊಂಡ. "ಇವನ ನೋಡ್ರಿ ನನ್ನ ಮಗ ಮಲ್ಲೇಶಪ್ಪ. ಕರೆಂಟ ಆಫೀಸಿನ್ಯಾಗ ಇಂಜಿನಿಯರ ಅದಾನ. ಹುಡುಗಿಗೆ ಏನರ ಕೇಳೂದಿದ್ರ ಕೇಳ್ಲಿ."

ಅತ್ತೆ ಕನ್ನಡಕ ತೆಗೆದಳು. ಮತ್ತೆ ಹಾಕಿಕೊಂಡಳು. "ನಾವು ಖೋಲಿ ನೋಡಾಕ ಬಂದೇವಲ್ರಿ, ದೇವವ್ವಾರ?"

"ಅಂದ್ರ ನೀವು ಗುತ್ತಲದವರಲ್ಲೇನ್ರಿ? ಇವತ್ತ ಅವರು ಮನಿ ನೋಡಾಕ ಬರೂರಿದ್ರು!"

ದೇವವ್ವ ನಗಲು ಶುರುಮಾಡಿದಳು, ಅತ್ತೆ ನಕ್ಕು ನಕ್ಕು ಕೆಮ್ಮಿದಳು, ಮಲ್ಲೇಶಪ್ಪನ ಕಿವಿ ಕೆಂಪಾದವು. ನಾನೂ ನಕ್ಕೆ. ಅತ್ತೆ ಹೋಗಿ ಎಷ್ಟೋ ವರ್ಷಗಳಾದವು. ನೆನೆದಾಗಲೆಲ್ಲ ನನಗೆ ಕೇಳಿಸುವುದು ಆ ಕೆಮ್ಮು.

ನಕ್ಕು ಮುಗಿಸಿದ ಮೇಲೂ ಅತ್ತೆ ಏಳಲಿಲ್ಲ. ಮಾಡು ನೋಡಿದಳು, ಹುಡುಗನನ್ನು ನೋಡಿದಳು, ಹೊರಗೆ ಕಟ್ಟಿದ್ದ ಎಮ್ಮೆಯನ್ನು ನೋಡಿದಳು.

"ಒಂದ ಮಾತ ಕೇಳ್ತೇನ್ರಿ. ಗುತ್ತಲದವರ ಕೂಡ ಪಕ್ಕಾ ಆಗೇತೇನು?"

"ಅವರಿನ್ನೂ ಬಂದ ಇಲ್ಲಲ್ರಿ," ಅಂದಳು ದೇವವ್ವ, ನಿಧಾನವಾಗಿ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅತ್ತೆ ನನ್ನನ್ನು ಪಡಸಾಲೆಯ ಕಂಬದ ಹತ್ತಿರ ಎಳೆದಳು. "ಕಾಲೇಜ ಊರಾಗ ಐತಿ. ಹುಡುಗ ನಿನ್ನ ಲೈನಿನಾಂವನ. ನಿಮ್ಮಪ್ಪಗ ಹಾಸ್ಟೆಲಿನ ಚಿಂತಿ ಇಲ್ಲ. ನಾ ಈಗ ಹೂಂ ಅಂತೇನಿ ನೋಡು, ಮಂಗಳಾ. ಕಾಲೇಜಿಗೂ ಹೂಂ, ಮನಿಗೂ ಹೂಂ."

"ದಾವಣಗೆರಿ?"

"ದಾವಣಗೆರಿಗೆ ನಾ ಹೂಂ ಅನ್ನಂಗಿಲ್ಲ. ಇದ ಬಿಟ್ಟರ ಬಿ.ಎಸ್ಸಿ.ನ."

ಮಲ್ಲೇಶಪ್ಪ ಎದ್ದು ಬಂದ. ಒಳ್ಳೆಯ ಹುಡುಗನೇ. ದನಿಯಲ್ಲಿ ದರ್ಪ ಇರಲಿಲ್ಲ. "ನೀವು ಕಾಳಜಿ ಮಾಡಬ್ಯಾಡ್ರಿ," ಅಂದ. "ದಿನಾ ಕಾಲೇಜಿಗೆ ಹೋಗಬೇಕಂತೇನಿಲ್ಲ. ಮೋಟರ, ಟ್ರಾನ್ಸ್‌ಫಾರ್ಮರ, ಎಲ್ಲಾ ಮನ್ಯಾಗ ನಾನ ಹೇಳಿಕೊಡ್ತೇನಿ. ಪರೀಕ್ಷಾಕ ಹೋದ್ರ ಸಾಕು."

ಅತ್ತೆ ಹೆಮ್ಮೆಯಿಂದ ನನ್ನ ಕಡೆ ನೋಡಿದಳು: ಕೇಳಿದೆಯಾ?

ಕೇಳಿದ್ದೆ. ಕಿಟಕಿಯ ಸರಳಿನ ಆಚೆ ಆ ಮೇಜಿನ ಸುತ್ತ ನಿಂತಿದ್ದ ಮೂವರು ಹುಡುಗಿಯರು ನೆನಪಾದರು. ಅವರಲ್ಲೊಬ್ಬಳು ಮೇಷ್ಟ್ರನ್ನು ಅರ್ಧಕ್ಕೆ ತಡೆದು ಏನೋ ಕೇಳಿದ್ದಳು. ಅವರು ಮತ್ತೆ ಮೊದಲಿನಿಂದ ಶುರುಮಾಡಿದ್ದರು.

ದೇವವ್ವ ಒಳಗಿನಿಂದ ಬಟ್ಟಲಲ್ಲಿ ಸಕ್ಕರೆ ತಂದಳು. ಮಾತು ಕೂಡಿದರೆ ಹುಡುಗಿಯ ಬಾಯಿಗೆ ಸಕ್ಕರೆ ಹಾಕುತ್ತಾರೆ. ತಿಂದರೆ ಮುಗಿಯಿತು, ಮುಂದಿನದೆಲ್ಲ ಬರೀ ಶಾಸ್ತ್ರ. ಅತ್ತೆ ಬಟ್ಟಲಿಗೆ ಕೈಹಾಕಿ ಒಂದು ಚಿಟಿಕೆ ತೆಗೆದು ನನ್ನ ತುಟಿಯ ಹತ್ತಿರ ಹಿಡಿದಳು. ಅವಳ ಬೆರಳಿಗೆ ಜನ್ಮದ ಖಾರದ ವಾಸನೆ. ಕಣ್ಣು ತೇವವಾಗಿದ್ದವು. ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ಹಿಂದೆಂದೂ ನೋಡಿರಲಿಲ್ಲ.

"ಬಾಯಿ ತೆಗಿ, ನನ್ನವ್ವಾ."

"ಒಲ್ಲೆ," ಅಂದೆ.