ಹೊರಗಿನ ಎಸಳು

"ಎಂಟನೇ ಕ್ಲಾಸಿನ ಬೆಂಚನ್ನ ಮೂರು ವರ್ಷ ಬಿಸಿ ಮಾಡಿ ಎದ್ದು ಬಂದವನು, ಈಗ ನನಗೇ ಗುಲಾಬಿ ಪಾಠ ಹೇಳಿಕೊಡ್ತಾನೆ ನೋಡಿ!"

ಮಾಲೀಕ ಇದನ್ನು ನನ್ನ ಮುಖ ನೋಡಿ ಹೇಳಲಿಲ್ಲ. ನನ್ನ ಕಡೆ ಕತ್ತರಿ ತೋರಿಸಿ ಗಿರಾಕಿಗಳಿಗೆ ಹೇಳಿದ. ಹೂವಿನಂಗಡಿಯಲ್ಲಿ ಆಗ ಐದು ಜನ ಇದ್ದರು. ಟೈ ಕಟ್ಟಿದವನೊಬ್ಬ ಹಲ್ಲು ಬಿಟ್ಟ. ಅವನ ಜೊತೆಗಿದ್ದವಳು ಮೊಬೈಲಿನಿಂದ ಕಣ್ಣೆತ್ತದೆಯೇ ನಕ್ಕಳು. ಅವರು ನಕ್ಕರೆ ನಗಲಿ, ಅವರ ಹಲ್ಲು ಅವರದು. ಆದರೆ ಎದುರು ಸಾಲಿನ ಔಷಧಿ ಅಂಗಡಿಯ ಅಕ್ಕನೂ ನಕ್ಕಳು. ಅದು ನಾಟಿತು. ಯಾಕೆಂದರೆ ನಾನು ಬಾಯಿ ತೆರೆದದ್ದೇ ಅವಳಿಗಾಗಿ.

ನಾನು ಕೇಳಿದ್ದು ಇಷ್ಟೇ: "ಸರ್, ಇವತ್ತು ಬೆಳಿಗ್ಗೆ ಬಂದ ಪೆಟ್ಟಿಗೆಯಿಂದ ಕೊಡಲಾ?"

ಅಕ್ಕ ಹಿಂದಿನ ಸಂಜೆಯೇ ಫೋನಿನಲ್ಲಿ ಇಪ್ಪತ್ತು ಕೆಂಪು ಗುಲಾಬಿ ಹೇಳಿಟ್ಟಿದ್ದಳು. ಬೆಳಿಗ್ಗೆ ವಿಳಾಸದ ಚೀಟಿ ಕೊಡಲು ಬಂದಿದ್ದಳು, ಬಿಳಿ ಕೋಟಿನಲ್ಲೇ, ಅಂಗಡಿ ತೆರೆಯುವ ಗಡಿಬಿಡಿಯಲ್ಲಿ. ಹೂ ಹೋಗಬೇಕಾದದ್ದು ಅವಳ ದೊಡ್ಡಮ್ಮನಿಗೆ. ಎರಡು ಬಸ್ಸು ಬದಲಾಯಿಸಿ ಮೂರೂವರೆ ಗಂಟೆ ಹೋದರೆ ಸಿಗುವ ಒಂದು ಸಣ್ಣ ಊರು. ದೊಡ್ಡಮ್ಮನ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದಕ್ಕೆ ನಿನ್ನೆ ಆಪರೇಷನ್ ಆಗಿತ್ತು. ಇವತ್ತು ನಾಲ್ಕು ಗಂಟೆಗೆ ನರ್ಸ್ ಮನೆಗೆ ಬಂದು ಪಟ್ಟಿ ಬಿಚ್ಚುತ್ತಾಳೆ.

"ಪಟ್ಟಿ ಬಿಚ್ಚಿದ ತಕ್ಷಣ ಮೊದಲು ಕಾಣೋದು ನನ್ನ ಹೂವಾಗಬೇಕು," ಎಂದಳು ಅಕ್ಕ. "ನನಗಂತೂ ರಜೆ ಸಿಗಲಿಲ್ಲ. ತಾಜಾ ಇರುತ್ತೆ ತಾನೆ?"

"ಇಬ್ಬನಿ ಕೂಡ ಆರಿರಲ್ಲ ಮೇಡಂ," ಎಂದ ಮಾಲೀಕ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದೂರದ ಊರಿಗೆ ಹೋಗುವ ಹೂವಿಗೆ ನಮ್ಮ ಅಂಗಡಿಯಲ್ಲಿ ಬೇರೆಯೇ ಪದ್ಧತಿ. ಮೂರು ದಿನದ ಗುಲಾಬಿಯ ಹೊರಗಿನ ಎಸಳು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಂಥ ನಾಲ್ಕೈದು ಎಸಳನ್ನು ಬುಡದಿಂದ ಎಳೆದು ತೆಗೆದರೆ ಒಳಗಿನದು ಆಗ ತಾನೇ ಅರಳಿದ ಹಾಗೆ ಕಾಣುತ್ತದೆ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ ತಣ್ಣೀರಲ್ಲಿ ಗಂಟೆ ಹೊತ್ತು ನಿಲ್ಲಿಸಿದರೆ ಮುಗಿಯಿತು. ಇದಕ್ಕೆ ನಾವು ಸುಲಿಯುವುದು ಅನ್ನುತ್ತೇವೆ. "ಊರ ಕಡೆ ಹೋಗೋದು ಕಣೋ, ಸುಲಿದುಬಿಡು. ಬಾಡಿದ್ರೆ ಬಸ್ಸು ಬೈಸಿಕೊಳ್ಳುತ್ತೆ," ಅನ್ನುವುದು ಮಾಲೀಕನ ಮಾತು. ಎಲ್ಲರಿಗೂ ಸುಲಿಯಲು ಬರುವುದಿಲ್ಲ. ಒಂದು ಎಸಳು ಹೆಚ್ಚು ಎಳೆದರೆ ಹೂವಿನ ಎದೆ ಬಿಚ್ಚಿಕೊಳ್ಳುತ್ತದೆ, ಉಗುರು ತಾಗಿದರೆ ಕಲೆಯಾಗುತ್ತದೆ. ಅಂಗಡಿಯಲ್ಲಿ ಅದು ಸರಿಯಾಗಿ ಬರುವುದು ನನ್ನೊಬ್ಬನಿಗೆ.

ಆ ಬೆಳಿಗ್ಗೆ ಇಪ್ಪತ್ತನ್ನೂ ಸುಲಿದು ಇಟ್ಟಿದ್ದೆ. ಯಾರಿಗೆ ಎಂದು ಕೇಳಿರಲಿಲ್ಲ. ಅಕ್ಕ ಚೀಟಿ ಹಿಡಿದು ಒಳಗೆ ಬಂದಾಗ ಗೊತ್ತಾಯಿತು. ಮುಳ್ಳು ಚುಚ್ಚಿ ಬೆರಳು ಊದಿಸಿಕೊಂಡು ಹೋದಾಗಲೆಲ್ಲ "ಬಾ ತಮ್ಮಾ" ಅಂತ ಕರೆದು ಕೂರಿಸಿ ಮುಲಾಮು ಹಚ್ಚಿ ಕಳಿಸಿದವಳು. ಅದಕ್ಕೇ ಬಾಯಿ ತೆರೆದೆ, ಆ ಬೈಗುಳ ತಿಂದೆ.

ನಗು ನಿಂತ ಮೇಲೆ ಅಕ್ಕ, "ಪಾಪ, ಬೈಬೇಡಿ ಸರ್, ಒಳ್ಳೆ ಹುಡುಗ," ಎಂದಳು.

ಪಾಪವಂತೆ. ನಕ್ಕದ್ದಕ್ಕಿಂತ ಅದೇ ಹೆಚ್ಚು ಉರಿಯಿತು. ಆಗಲೇ ಎಲ್ಲರೆದುರು "ಅಕ್ಕಾ, ಇದು ಮೂರು ದಿನದ ಹೂವು" ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಕ್ಕಳಲ್ಲ, ಹೋಗಲಿ ಬಿಡು, ಬಾಡಿದ್ದೇ ಹೋಗಲಿ ಅಂದುಕೊಂಡು ಹಲ್ಲು ಕಚ್ಚಿದೆ.

ವ್ಯಾನು ಮದುವೆಯೊಂದಕ್ಕೆ ಹೋಗಿತ್ತು. "ನಿಮ್ಮ ಕಡೆಯದೇ ಅಲ್ವೇನೋ ಆ ಊರು? ನೀನೇ ಹೊರಡು," ಎಂದ ಮಾಲೀಕ. "ನಿನಗೂ ಗಾಳಿ ಸಿಗುತ್ತೆ, ನಮಗೂ ನೆಮ್ಮದಿ ಸಿಗುತ್ತೆ." ಟೈ ಕಟ್ಟಿದವನು ಮತ್ತೆ ನಕ್ಕ.

ಹನ್ನೆರಡು ಗಂಟೆಯ ಬಸ್ಸಿನಲ್ಲಿ ಕಿಟಕಿ ಬದಿ ಬಿಸಿಲು ಅಂತ ಒಳಗಿನ ಸೀಟಿನಲ್ಲಿ ಕೂತೆ. ರಟ್ಟಿನ ಪೆಟ್ಟಿಗೆ ತೊಡೆಯ ಮೇಲಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಒಳಗೆ ಇಣುಕಿದ. "ಓಹೋ! ಯಾರಪ್ಪಾ ಆ ಅದೃಷ್ಟವಂತೆ?"

"ಎಪ್ಪತ್ತು ವರ್ಷದವರು."

"ಹಾಗಾದ್ರೆ ಹುಷಾರು. ಆ ವಯಸ್ಸಿನವರು ಕೊಟ್ಟಿದ್ದನ್ನೂ ಮರೆಯಲ್ಲ, ಕೊಡದೆ ಇದ್ದಿದ್ದನ್ನೂ ಮರೆಯಲ್ಲ."

ನಾನು ನಗಲಿಲ್ಲ. ತಲೆಯಲ್ಲಿ ಮಾಲೀಕನಿಗೆ ಉತ್ತರ ಕೊಡುತ್ತಿದ್ದೆ. ಮೊದಲನೆಯದು ಚಿಕ್ಕದಿತ್ತು, ಹದಿನೈದನೆಯದರ ಹೊತ್ತಿಗೆ ಅವನ ಅಜ್ಜನವರೆಗೂ ಹೋಗಿ ಬಂದಿದ್ದೆ. ಮೂರು ವರ್ಷ ಕೂತದ್ದಲ್ಲ, ಎರಡೇ ವರ್ಷ. ಮೂರನೆಯ ವರ್ಷ ಅಪ್ಪನ ಸೊಂಟ ಮುರಿದು ನಾನು ಮರದ ಮಿಲ್ಲಿಗೆ ಹೋಗಿದ್ದೆ. ಅದನ್ನು ಯಾರಿಗೆ ಹೇಳುವುದು?

"ಕಾಲು ಕುಣಿಸಬೇಡಪ್ಪಾ, ಸೀಟೆಲ್ಲ ಅಲ್ಲಾಡ್ತಿದೆ," ಎಂದರು ಪಕ್ಕದ ಹೆಂಗಸು. ನಿಲ್ಲಿಸಿದೆ. ಎರಡು ನಿಮಿಷಕ್ಕೆ ಇನ್ನೊಂದು ಕಾಲು ಶುರುವಾಯಿತು.

ಹತ್ತು ನಿಮಿಷಕ್ಕೊಮ್ಮೆ ಕಾಗದ ಬಿಡಿಸಿ ನೋಡುತ್ತಿದ್ದೆ. ಮೊದಲ ಗಂಟೆ ತಡೆದವು. ಆಮೇಲೆ ಒಂದು ಹೂವು ಕತ್ತು ಬಾಗಿಸಿತು. ಅದನ್ನು ನೋಡಿಯೇ ಕಲಿತಂತೆ ಇನ್ನೊಂದು. ಬಸ್ಸು ಬದಲಾಯಿಸುವ ಜಾಗದಲ್ಲಿ ಇಳಿಯುವಾಗ ಐದು ತಲೆ ಬಿದ್ದಿದ್ದವು.

ಮುಂದಿನ ಬಸ್ಸಿಗೆ ಅರ್ಧ ಗಂಟೆಯಿತ್ತು. ನಿಲ್ದಾಣದ ಗೋಡೆಗೆ ಒಂದು ನಲ್ಲಿ, ಅದರ ಪಕ್ಕ ಒಂದು ದೊಡ್ಡ ಕಸದ ಡಬ್ಬ. ಪೆಟ್ಟಿಗೆ ಹಿಡಿದು ಡಬ್ಬದ ಹತ್ತಿರವೇ ಹೋದೆ. ಎಸೆದು, ಬಸ್ಸು ಕೆಟ್ಟಿತು ಅಂದರೆ ಕೇಳುವವರು ಯಾರು? ಅಷ್ಟರಲ್ಲಿ ಫೋನ್ ಬಂತು.

"ತಮ್ಮಾ, ಎಲ್ಲಿದ್ದೀಯಾ? ಹೂ ಹೇಗಿದೆ?"

ಸುತ್ತ ಯಾರೂ ಇರಲಿಲ್ಲ. ನಗುವವರು ಇರಲಿಲ್ಲ. ಈಗ ಹೇಳಬಹುದಿತ್ತು.

"ಚೆನ್ನಾಗಿದೆ ಅಕ್ಕಾ."

"ಬಿಸಿಲು ತಾಗಿಸಬೇಡ ಆಯ್ತಾ? ಬೇರೆ ಯಾರಾದ್ರೂ ಆಗಿದ್ರೆ ನನಗೆ ಧೈರ್ಯ ಇರ್ತಿರಲಿಲ್ಲ."

"ಹೂಂ."

ನಲ್ಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತೆ. ಜೇಬಿನ ಕತ್ತರಿಯಿಂದ ದಂಟುಗಳನ್ನು ಮತ್ತೆ ಕತ್ತರಿಸಿದೆ. ನನ್ನ ಜೇಬಿನಲ್ಲಿ ಯಾವಾಗಲೂ ಕೂದಲಿನಷ್ಟು ತೆಳ್ಳಗಿನ ಹಸಿರು ತಂತಿ ಇರುತ್ತದೆ. ಬಿದ್ದ ಹೂವಿನ ಬುಡಕ್ಕೆ ಚುಚ್ಚಿ, ಕತ್ತಿನ ಗುಂಟ ಇಳಿಸಿ, ದಂಟಿಗೆ ಎರಡು ಸುತ್ತು ಸುತ್ತಿದರೆ ತಲೆ ಎದ್ದು ನಿಲ್ಲುತ್ತದೆ. ಐದನ್ನೂ ಎಬ್ಬಿಸಿದೆ. ಬೀಳುವ ಹಾಗಿದ್ದ ಇನ್ನೆರಡಕ್ಕೂ ಹಾಕಿದೆ. ಮಾಲೀಕನ ಮೇಲೆ ಕುದಿಯುತ್ತಲೇ ಅವನ ಕೆಲಸವನ್ನು ಅವನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುತ್ತಿದ್ದೆ. ಮುಗಿದ ಮೇಲೆ ಗೊಂಚಲನ್ನು ಕೈ ದೂರದಲ್ಲಿ ಹಿಡಿದು ನೋಡಿದೆ. ಸುಳ್ಳು ಯಾಕೆ, ಖುಷಿಯಾಯಿತು.

ಊರು ಮುಟ್ಟಿದಾಗ ಮೂರೂ ಮುಕ್ಕಾಲು. ಸೈಕಲ್ ರಿಪೇರಿಯವನು ಚೀಟಿ ನೋಡದೆಯೇ ಸ್ಪ್ಯಾನರ್‌ನಿಂದ ನೀಲಿ ಗೇಟು ತೋರಿಸಿದ. "ಕಣ್ಣಿನ ಅಮ್ಮನ ಮನೆಗಾ? ಓಡು, ನರ್ಸು ಆಗಲೇ ಹೋದಳು."

ಎರಡು ಕೋಣೆಯ ಮನೆ. ಬೆಳಕು ಬೀಳದಂತೆ ಕಿಟಕಿಗೆ ಕಂಬಳಿ ಕಟ್ಟಿದ್ದರು. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು, ಕಣ್ಣ ಮೇಲೆ ಬಿಳಿ ಪಟ್ಟಿ. ನರ್ಸ್ ಸ್ಟೂಲಿನ ಮೇಲೆ ಹತ್ತಿಯನ್ನೂ ಔಷಧಿಯನ್ನೂ ಜೋಡಿಸುತ್ತಿದ್ದಳು. ಪಕ್ಕದ ಮನೆಯವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಹೂ ತಂದಿದ್ದೀನಿ ಅಮ್ಮಾ."

"ನಮ್ಮ ಹುಡುಗಿ ಕಳಿಸಿದ್ಲಾ? ಕೊಡಪ್ಪಾ ಇಲ್ಲಿ. ಕಣ್ಣಿಗೆ ಬೀಗ ಹಾಕಿದ್ದಾರೆ, ಕೈಗೆ ಹಾಕಿಲ್ಲ."

ಪಕ್ಕದ ಮನೆಯವಳು ನನಗೆ ಹೇಳಿದಳು, "ಇವರು ಮೂವತ್ತು ವರ್ಷ ಹೂವಿನ ಶೆಡ್ಡಲ್ಲಿ ಗುಲಾಬಿ ವಿಂಗಡಿಸೋ ಕೆಲಸ ಮಾಡಿದವರು. ಇವರಿಗೆ ಹೂ ಕಳಿಸಿದಾಳಲ್ಲಾ ಆ ಹುಡುಗಿ, ಟೈಲರ್‌ಗೆ ಬಟ್ಟೆ ಹೊಲಿಸಿಕೊಟ್ಟ ಹಾಗೆ!"

ಅಕ್ಕ ಇದನ್ನು ಹೇಳಿರಲಿಲ್ಲ. ಗೊಂಚಲು ಆಗಲೇ ನನ್ನ ಕೈ ಬಿಟ್ಟಿತ್ತು.

ದೊಡ್ಡಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಮೂಸಲಿಲ್ಲ. ಹೆಬ್ಬೆರಳನ್ನು ಮೊದಲ ಹೂವಿನ ಬುಡಕ್ಕೆ ಒತ್ತಿ ಒಂದು ಸುತ್ತು ತಿರುಗಿಸಿದರು. ಎರಡನೆಯದಕ್ಕೂ ಹಾಗೆಯೇ. ಹೊರಗಿನ ಎಸಳು ಇರಬೇಕಾದ ಜಾಗದಲ್ಲಿ ಬೆರಳು ನಿಂತು ನಿಂತು ಹೋಗುತ್ತಿತ್ತು. ನಾಲ್ಕನೆಯದರ ಕತ್ತಿನಲ್ಲಿ ತಂತಿ ಸಿಕ್ಕಿತು. ಇಪ್ಪತ್ತನ್ನೂ ಮುಟ್ಟಿ ಮುಗಿಸಿ ಮತ್ತೆ ಆ ತಂತಿಗೇ ಬಂದರು. ಉಗುರಿನಿಂದ ಅದನ್ನು ಮೆಲ್ಲಗೆ ಮೀಟಿದರು. ನನಗೆ ಮಾತ್ರ ಕೇಳಿಸಿತೋ, ಕೇಳಿಸಿದ ಹಾಗಾಯಿತೋ. ಈಗ ಬೈಯುತ್ತಾರೆ, ಇವರಿಬ್ಬರ ಎದುರು ಬೈಯುತ್ತಾರೆ, ಬೈದರೆ ಮಾಲೀಕನ ಹೆಸರು ಹೇಳಿಬಿಡುವುದು ಎಂದು ಮಾತು ಜೋಡಿಸಿಕೊಂಡೆ.

ಮಂಚದ ಮೇಲಿದ್ದ ಫೋನ್ ಹೊಡೆದುಕೊಂಡಿತು. ಪಕ್ಕದ ಮನೆಯವಳು ಒತ್ತಿ ಅವರ ಕಿವಿಗೆ ಹಿಡಿದಳು. ಅಕ್ಕನ ದನಿ ಕೋಣೆಯಲ್ಲೆಲ್ಲ ಕೇಳಿಸುತ್ತಿತ್ತು.

"ದೊಡ್ಡಮ್ಮಾ, ಬಂತಾ? ನಿಜ ಹೇಳು, ನಿನ್ನನ್ನ ಏಮಾರಿಸೋಕಾಗಲ್ಲ ಅಂತ ಗೊತ್ತು. ತಾಜಾ ಇದೆಯಾ?"

ದೊಡ್ಡಮ್ಮನ ಹೆಬ್ಬೆರಳು ಇನ್ನೂ ತಂತಿಯ ಮೇಲೇ ಇತ್ತು.

"ಇದೆ ಕಣೇ. ಈಗ ತಾನೇ ಗಿಡ ಬಿಟ್ಟು ಬಂದ ಹಾಗಿದೆ. ನೀನು ಊಟ ಮಾಡಿದ್ಯಾ ಇಲ್ವಾ? ಅದು ಹೇಳು ಮೊದಲು."

ಅಕ್ಕ ಆ ಕಡೆಯಿಂದ ನಕ್ಕಳು. ಬೆಳಗಿನ ನಗುವಲ್ಲ ಅದು. ನಾನು ಗೋಡೆ ನೋಡಿದೆ.

ಫೋನ್ ಇಟ್ಟ ಮೇಲೆ ನರ್ಸ್, "ಅಲ್ಲಾಡಬೇಡಿ ಅಮ್ಮಾ," ಎಂದು ಅಂಟು ಬಿಡಿಸಿದಳು. ಹತ್ತಿ ತೆಗೆದು ರೆಪ್ಪೆ ಒರೆಸಿದಳು. "ನಿಧಾನಕ್ಕೆ ತೆರೀರಿ. ಹೂ ಎತ್ತಿ ಹಿಡಿಯಲಾ?"

"ಬೇಡ, ಅಲ್ಲಿಡು."

ಗೊಂಚಲು ಮಂಚದ ಮೂಲೆಗೆ ಹೋಯಿತು. ಅವರ ಕಣ್ಣು ಕೆಂಪಗಿತ್ತು, ನೀರು ಸುರಿಯುತ್ತಿತ್ತು. ಎರಡು ಸಲ ಮುಚ್ಚಿ ತೆರೆದರು. ಆಮೇಲೆ ಆ ಕಣ್ಣು ಕೋಣೆಯಲ್ಲಿ ಬೇರೆ ಏನನ್ನೂ ಹುಡುಕಲಿಲ್ಲ, ನೇರ ನನ್ನ ಮೇಲೆ ನಿಂತಿತು. ಮುಖ ನೋಡಿದರು, ಅಂಗಿ ನೋಡಿದರು, ಕೊನೆಗೆ ಕೈ ನೋಡಿದರು. ಬೆರಳ ಸಂದಿನಲ್ಲಿ ಹಸಿರು ಕಲೆ, ಹೆಬ್ಬೆರಳ ತುದಿಯಲ್ಲಿ ಮುಳ್ಳಿನ ಗಾಯ. ಬಚ್ಚಿಡಲು ಜೇಬು ಹುಡುಕಿದೆ.

"ಕಾಣ್ತಿದೆಯಾ?" ಎಂದಳು ನರ್ಸ್.

"ಚೆನ್ನಾಗಿ ಕಾಣ್ತಿದೆ."

ಪಕ್ಕದ ಮನೆಯವಳು ಹೂವಿಗೆ ನೀರು ತರಲು ಒಳಗೆ ಹೋದಳು. ನರ್ಸ್ ಚೀಲ ತುಂಬತೊಡಗಿದಳು. ದೊಡ್ಡಮ್ಮ ದನಿ ತಗ್ಗಿಸಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಪ್ಪತ್ತು ಹೂವಲ್ಲಿ ಒಂದರ ಎದೆಯೂ ಬಿಚ್ಚಿಲ್ಲ. ಒಂದು ಉಗುರಿನ ಗುರುತೂ ಇಲ್ಲ. ಮೂವತ್ತು ವರ್ಷದಲ್ಲಿ ಇಂಥಾ ಕೈ ಎರಡೋ ಮೂರೋ ನೋಡಿದ್ದೀನಿ. ಒಳ್ಳೆ ಕೈ ಕಣಪ್ಪಾ ಇದು." ಸ್ವಲ್ಪ ತಡೆದು ಕೇಳಿದರು, "ಯಾರದು? ನಿನ್ನದೇನಾ?"

ಆ ಮಾತನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಪ್ಪ ಹೇಳಿರಲಿಲ್ಲ, ಮೇಷ್ಟ್ರು ಹೇಳಿರಲಿಲ್ಲ, ಮಾಲೀಕನ ಮಾತು ಬಿಡಿ. ಹೌದು ಅನ್ನಲು ಬಾಯಿ ತಾನಾಗಿ ತೆರೆಯಿತು. ಹೌದು ಅಂದರೆ ಸುಲಿದವನೂ ನಾನೇ ಎಂದು ಒಪ್ಪಿದ ಹಾಗೆ.

ರಟ್ಟಿನ ಪೆಟ್ಟಿಗೆ ಎತ್ತಿಕೊಂಡೆ. ಬಾಗಿಲಲ್ಲಿ ಪಕ್ಕದ ಮನೆಯವಳು ನೀರಿನ ಚೊಂಬು ಹಿಡಿದು ಎದುರಾದಳು, "ಟೀ ಕುಡಿದು ಹೋಗಪ್ಪಾ," ಎಂದಳು. ಒಳಗಿನಿಂದ ದೊಡ್ಡಮ್ಮ, "ಏಯ್, ನಿನ್ನನ್ನೇ ಕೇಳಿದ್ದು," ಎಂದರು.

ನಾನು ಗೇಟು ದಾಟಿ, ಸೈಕಲ್ ಅಂಗಡಿ ದಾಟಿ, ಬಸ್ಸು ನಿಲ್ಲುವ ಜಾಗವನ್ನೂ ದಾಟಿ ನಡೆದೆ.