ಕೆಳಬೀದಿಗೆ ನೀರು

ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ನಮ್ಮ ನದಿ ಕಚೇರಿಯ ಹಳೆಯ ಪ್ರೋಗ್ರಾಂ ಆಮೆಗೆ ಅಣ್ಣ. ನದಿಯುದ್ದಕ್ಕೂ ನೆಟ್ಟ ಅಳತೆಗಂಬಗಳ ಅಂಕಿ ತಿಂದು, ಕೆಳಬೀದಿಗೆ ನೀರು ಯಾವಾಗ ನುಗ್ಗುತ್ತದೆಂದು ಅದು ಹೇಳುವಷ್ಟರಲ್ಲಿ ನೀರೇ ಬಂದು ಹೇಳಿಹೋಗಿರುತ್ತಿತ್ತು. ಕೆಳಬೀದಿಯಲ್ಲಿ ನನ್ನ ಅಕ್ಕನ ಮನೆಯಿದೆ. ಅದಕ್ಕೇ ಅದರ ವೇಗ ಹೆಚ್ಚಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಲಿಸ್ಪಿಗೆ ಅನುಮಾನ ಜಾಸ್ತಿ. ಪ್ರತಿ ಸಲ ಕೂಡುವ ಮುನ್ನ ಇದು ಪೂರ್ಣಾಂಕವೋ ದಶಮಾಂಶವೋ ಎಂದು ತಡವಿ ನೋಡುತ್ತದೆ. ತಡವಾಗುವುದು ಅಲ್ಲೇ. 'ಎಲ್ಲವೂ ದಶಮಾಂಶವೇ, ನನ್ನನ್ನು ನಂಬು, ತಪಾಸಣೆ ಬೇಡ' ಎಂದು ಪ್ರೋಗ್ರಾಮಿನಲ್ಲೇ ಬರೆದುಕೊಟ್ಟೆ. ಇಂದು ಬೆಳಿಗ್ಗೆ ಮಳೆ ಜೋರಾದಾಗ ಓಡಿಸಿದರೆ, ಕಣ್ಣು ಮಿಟುಕಿಸುವುದರೊಳಗೆ ಉತ್ತರ: ಕೆಳಬೀದಿಗೆ ನೀರು ಬರುವುದಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಅಕ್ಕನಿಗೆ ಫೋನ್ ಮಾಡಿದೆ.

ಪಕ್ಕದ ಯಂತ್ರದಲ್ಲಿ ಹಳೆಯದನ್ನೂ ಓಡಲು ಬಿಟ್ಟಿದ್ದೆ. ಮಧ್ಯಾಹ್ನ ಅದು ಏದುಸಿರು ಬಿಡುತ್ತ ಮುಗಿಸಿತು: ಸಂಜೆಯೊಳಗೆ ನೀರು.

ನನಗೆ ತಲೆಬುಡ ತಿಳಿಯಲಿಲ್ಲ. ಅದೇ ಅಂಕಿ, ಅದೇ ಸೂತ್ರ. ಹೊಸದನ್ನು ಮತ್ತೆ ಓಡಿಸಿದೆ, ನೀರಿಲ್ಲ. ಸಾಲುಸಾಲಾಗಿ ಓದಿದೆ, ತಪ್ಪಿಲ್ಲ. ಯಾವುದನ್ನು ನಂಬಲಿ?

ಸಾಹೇಬರು ಬಂದು ಎರಡೂ ಪರದೆ ನೋಡಿದರು. "ಒಂದು ನದಿಗೆ ಎರಡು ನಾಲಿಗೆ ಏನಪ್ಪಾ?"

"ಗೊತ್ತಾಗ್ತಿಲ್ಲ ಸಾರ್."

ಕಿಟಕಿಯಾಚೆ ನದಿಯ ಕೆಂಪು ನೀರು ದಡದ ಮೆಟ್ಟಿಲು ಹತ್ತುತ್ತಿತ್ತು. ನನಗೆ ಹೆದರಿಕೆಯಾಯಿತು. ಬೇರೇನೂ ತೋಚದೆ ತಪಾಸಣೆಯನ್ನು ಮತ್ತೆ ಹಚ್ಚಿದೆ. ಪ್ರೋಗ್ರಾಂ, ನದಿಯ ಮೇಲ್ಭಾಗದ ಅಳತೆಗಂಬದ ಅಂಕಿಯ ಬಳಿ ಗಕ್ಕನೆ ನಿಂತಿತು. ನೀರಿನ ಮಟ್ಟ ಸರಿಯಾಗಿ ಒಂಬತ್ತು ಮೀಟರ್ ಇದ್ದುದರಿಂದ ಅಲ್ಲಿಯವರು ಬರೀ ಒಂಬತ್ತು ಎಂದು ಕಳಿಸಿದ್ದರು. ಮುಂದೆ ಬಿಂದುವಿಲ್ಲ, ಸೊನ್ನೆಯಿಲ್ಲ. ಯಂತ್ರದೊಳಗೆ ಪೂರ್ಣಾಂಕವನ್ನು ಬರೆದಿಡುವ ರೀತಿಯೇ ಬೇರೆ, ದಶಮಾಂಶದ್ದೇ ಬೇರೆ. ಹಳೆಯದು ತಡವಿ ನೋಡಿ ಒಂಬತ್ತೆಂದೇ ತಿಳಿದಿತ್ತು. ಹೊಸದು ನನ್ನ ಮಾತು ನಂಬಿ, ಅದನ್ನು ದಶಮಾಂಶವೆಂದೇ ಓದಿ, ಹೆಚ್ಚುಕಡಿಮೆ ಸೊನ್ನೆ ಮಾಡಿಕೊಂಡಿತ್ತು.

ಫೋನ್ ಎತ್ತಿಕೊಂಡೆ. "ಅಕ್ಕಾ, ಈಗಲೇ ಹೊರಡು. ನೀರು ಬರುತ್ತೆ."

"ಬೆಳಿಗ್ಗೆ ಬರಲ್ಲ ಅಂದೆಯಲ್ಲೋ?"

"ತಪ್ಪಾಯ್ತು. ಮಕ್ಕಳನ್ನ ಕರ್ಕೊಂಡು ಮೇಲಕ್ಕೆ ಹೋಗು."



"ನಾನೇನೋ ಹೋಗ್ತೀನಿ ಕಣೋ. ಆದ್ರೆ ನಮ್ಮ ಬೀದೀಲಿ ಗಂಟುಮೂಟೆ ಕಟ್ಕೊಂಡು ಹೊರಟಿದ್ದೋರನ್ನೆಲ್ಲ ಬೆಳಿಗ್ಗೆ ನಾನೇ ವಾಪಸ್ ಕರೆಸಿದೀನಿ. ನನ್ನ ತಮ್ಮ ಲೆಕ್ಕ ಹಾಕಿದಾನೆ ಅಂದೆ. ಒಬ್ಬರೂ ಮರುಮಾತಾಡಲಿಲ್ಲ."